ಮಾತು ಬಿಟ್ಟವರ ಜೊತೆ ಗುಂಜಿ ಗುಡ್ಡಕ್ಕೆ

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಬೆಳಗಾವಿ ಸ್ಟೇಶನ್ನಿನಲ್ಲಿ ಗುಂಜಿಗೆ ಎರಡು ಟಿಕೆಟ್ ತೆಗೆಸಿದೆ. ಎರಡೂ ಸೇರಿ ಒಂದು ಪ್ಲೇಟ್ ಮಿಸಳಕ್ಕಿಂತ ಅಗ್ಗ. ಹೋಗುವವರು ಮಾತ್ರ ಮೂವರು. ಮೂರನೆಯವನಾದ ದಸ್ತಗೀರ ಹಿಂದಿನ ದಿನವೇ ಖಾನಾಪುರದ ತನ್ನ ಬೀಗರ ಮನೆಗೆ ಹೋಗಿದ್ದ, ಅಲ್ಲಿಂದ ಹತ್ತುವವನಿದ್ದ. ಈ ಸಂಗತಿ ನನ್ನ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಬಸವರಾಜನಿಗೆ ಗೊತ್ತಿರಲಿಲ್ಲ. ಬಸವರಾಜ ಬರುವುದು ದಸ್ತಗೀರನಿಗೂ ಗೊತ್ತಿರಲಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ, "ನಾವಿಬ್ಬರ ಹೋಗಿ ಎರಡ ದಿನಾ ಗುಡ್ಡದಾಗ ಆರಾಮ ಇದ್ದ ಬರೂಣು" ಎಂದು ಹೇಳಿದ್ದೆ. ಇಷ್ಟು ದೊಡ್ಡ ಸುಳ್ಳನ್ನು ನಾನು ಹೆಣ್ಣು ನೋಡಲು ಹೋದಾಗಲೂ ಹೇಳಿರಲಿಲ್ಲ.

ಸುಳ್ಳಿಗೆ ಕಾರಣವಿತ್ತು. ನಾವು ಮೂವರೂ ಬೆಳಗಾವಿಯ ಶಿವಬಸವ ನಗರದವರು. ಬಸವರಾಜನದು ಬಟ್ಟೆ ಅಂಗಡಿ, ದಸ್ತಗೀರನದು ಸ್ಕೂಟರ್ ಗ್ಯಾರೇಜು, ನನ್ನದು ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಮೂವತ್ತು ವರ್ಷ ಸಂಜೆಯ ಚಹಾವನ್ನು ಒಂದೇ ಬೆಂಚಿನ ಮೇಲೆ ಕೂತು ಕುಡಿದವರು. ಜನವರಿಯಲ್ಲಿ ದಸ್ತಗೀರನ ಮಗಳ ಮದುವೆಯಾಯಿತು. ನಮ್ಮ ಕಡೆ ಮನೆಗೆ ಬಂದು, ಪತ್ರಿಕೆ ಕೈಯಲ್ಲಿ ಕೊಟ್ಟು, "ತಪ್ಪಸಬ್ಯಾಡ್ರಿ" ಅಂದರೆ ಮಾತ್ರ ಕರೆದಂತೆ. ದಸ್ತಗೀರ ಬಸವರಾಜನಿಗೆ ಪತ್ರಿಕೆಯ ಫೋಟೋ ತೆಗೆದು ಮೊಬೈಲಿಗೆ ಕಳಿಸಿದ. ಬಸವರಾಜ ಮದುವೆಗೆ ಹೋಗಲಿಲ್ಲ. ಅಂದಿನಿಂದ ಒಂಬತ್ತು ತಿಂಗಳು ಇಬ್ಬರ ನಡುವೆ ಮಾತಿಲ್ಲ.

ಈಗ ಬಸವರಾಜನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಂದಿನ ವಾರದ ಭಾನುವಾರಕ್ಕೆ ಬಂದಿತ್ತು. ಅಷ್ಟರೊಳಗೆ ಅವನು ದಸ್ತಗೀರನನ್ನು ಕರೆಯಲು ಹೋಗದಿದ್ದರೆ ಈ ಗೆಳೆತನ ಮುಗಿಯಿತೆಂದೇ ಲೆಕ್ಕ. ಅದಕ್ಕೇ ನಾನು ನಡುವೆ ಬಿದ್ದೆ. ನಾನೇ ಬೀಳಲು ಇನ್ನೊಂದು ಕಾರಣವೂ ಇತ್ತು, ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ದಸ್ತಗೀರನ ಮಗಳ ಮದುವೆ ಪತ್ರಿಕೆ ಅಚ್ಚು ಹಾಕಿದವನು ನಾನು. ಹೇಳಿದ ದಿನಕ್ಕಿಂತ ಆರು ದಿನ ತಡವಾಗಿ ಕೊಟ್ಟೆ. ಮಷಿನ್ ಕೆಟ್ಟಿತ್ತು ಎಂದು ಅವನಿಗೆ ಹೇಳಿದ್ದೆ. ಮಷಿನ್ ಗಟ್ಟಿಮುಟ್ಟಾಗಿಯೇ ಇತ್ತು. ನಾನು ಬೈಲಹೊಂಗಲದಲ್ಲಿ ಹೆಂಡತಿಯ ತವರಿನ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತ ಕೂತಿದ್ದೆ.

ಖಾನಾಪುರದಲ್ಲಿ ಗಾಡಿ ನಿಂತಿತು. ದಸ್ತಗೀರ ಸ್ಟೀಲಿನ ದೊಡ್ಡ ಡಬ್ಬಿ ಹಿಡಿದು ನಗುತ್ತ ಹತ್ತಿದವನು ಬಸವರಾಜನನ್ನು ಕಂಡು ನಿಂತಲ್ಲೇ ನಿಂತ. ಬಸವರಾಜ ಚೀಲ ಎತ್ತಿಕೊಂಡು ಬಾಗಿಲಿಗೆ ಹೋಗುವಷ್ಟರಲ್ಲಿ ಗಾಡಿ ಬಿಟ್ಟಿತ್ತು. ಅವನು ವಾಪಸು ಬಂದು ಕಿಟಕಿಗೆ ಮುಖ ಮಾಡಿ ಕೂತ. ದಸ್ತಗೀರ ಎದುರಿನ ಕಿಟಕಿಗೆ ಮುಖ ಮಾಡಿದ. ಹೊರಗೆ ಭತ್ತದ ಗದ್ದೆ ಮುಗಿದು ಕಾಡು ಶುರುವಾಯಿತು. ಇಬ್ಬರೂ ಹುಟ್ಟಿದಾಗಿನಿಂದ ಕಾಡನ್ನೇ ನೋಡದವರ ಹಾಗೆ ನೋಡುತ್ತಿದ್ದರು.

"ಇವರು ಬರೂದ ನನಗ ಯಾಕ ಹೇಳಲಿಲ್ಲ?" ಬಸವರಾಜ ಕಿಟಕಿಗೆ ಕೇಳಿದ.

"ನನಗೂ ಅದನ್ನ ಕೇಳೂದಿತ್ತು," ದಸ್ತಗೀರ ತನ್ನ ಕಿಟಕಿಗೆ ಹೇಳಿದ.

ಇಬ್ಬರಿಗೂ ನಾನು ಬಾಳೆಹಣ್ಣು ಕೊಟ್ಟೆ.

ಗುಂಜಿಯಲ್ಲಿ ಗಣಪತಿ ಮಾಮಾ ಕಾಯುತ್ತಿದ್ದರು. ಅವರ ಭಜನಾ ಮಂಡಳಿಯ ಹ್ಯಾಂಡ್‌ಬಿಲ್ಲುಗಳು ನಮ್ಮಲ್ಲೇ ಅಚ್ಚಾಗುತ್ತವೆ. ಗುಡ್ಡದ ಮೇಲೆ ಅವರದೊಂದು ಗೇರುತೋಟ, ತೋಟ ಕಾಯಲು ಒಂದು ಗುಡಿಸಲು ಇದೆ. ಊರಿಂದ ಮೂರು ಕಿಲೋಮೀಟರು ಏರು ದಾರಿ. ಮಾಮಾ ಕಟ್ಟಿಗೆ, ಅಕ್ಕಿ, ಗಡಿಗೆ ಎಲ್ಲ ಮೊದಲೇ ಇರಿಸಿದ್ದರು. ದಾರಿ ತೋರಿಸಿ ಒಂದು ಎಚ್ಚರಿಕೆಯನ್ನೂ ಕೊಟ್ಟರು.

"ಇಲ್ಲೆ ಅಸ್ವಲ ಐತ್ರಿ, ಕರಡಿ. ಗಪ್ಪಗ ಹೋಗಬ್ಯಾಡ್ರಿ, ಮಾತಾಡಕೋತ ಹೋಗ್ರಿ. ಮನಷ್ಯಾರ ಮಾತ ಕೇಳಿದ್ರ ಅದ ತಾನಾ ಸರೀತೈತಿ."

ಮಾತಾಡದ ಇಬ್ಬರನ್ನು ಕಟ್ಟಿಕೊಂಡು ಕರಡಿಯ ಕಾಡು ಹತ್ತುವ ಪ್ರಸಂಗ ಯಾರಿಗೂ ಬೇಡ. ಮುಂದೆ ಬಸವರಾಜ, ಹಿಂದೆ ದಸ್ತಗೀರ, ಇಬ್ಬರೂ ತುಟಿ ಬಿಚ್ಚಲಿಲ್ಲ. ಮೂರೂ ಕಿಲೋಮೀಟರು ಮೂವರ ಪಾಲಿನ ಮಾತನ್ನೂ ನಾನೊಬ್ಬನೇ ಆಡಿದೆ. ಹವಾಮಾನ ಮುಗಿಯಿತು, ರಾಜಕಾರಣ ಮುಗಿಯಿತು, ಕೊನೆಗೆ ನನ್ನ ಪ್ರೆಸ್ಸಿನ ರೇಟುಗಳನ್ನು ಗಟ್ಟಿಯಾಗಿ ಹೇಳುತ್ತ ಹತ್ತಿದೆ. ಸಾವಿರ ಹ್ಯಾಂಡ್‌ಬಿಲ್ಲಿಗೆ ಎಷ್ಟು, ಎರಡು ಬಣ್ಣಕ್ಕೆ ಎಷ್ಟು ಎಂಬುದು ಆ ಕಾಡಿನ ಕರಡಿಗಳಿಗೆಲ್ಲ ಈಗ ಗೊತ್ತಿರಬೇಕು.

ಗುಡಿಸಲು ಚೆನ್ನಾಗಿತ್ತು. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಸಗಣಿ ಸಾರಿಸಿದ ನೆಲ. ಮೂವರು ಕಾಲು ಚಾಚಿದರೆ ತುಂಬಿಹೋಗುವಷ್ಟು ಜಾಗ. ಮಳೆ ಬಿಟ್ಟು ಎಂಟು ದಿನವಾಗಿದ್ದರೂ ಮಂಜು ಬಾಗಿಲ ತನಕ ಬಂದು ಹೋಗುತ್ತಿತ್ತು. ಇಷ್ಟು ಚಂದದ ಜಾಗದಲ್ಲಿ ನನಗೆ ಸಿಕ್ಕಿದ್ದು ಪೋಸ್ಟ್‌ಮನ್ ಕೆಲಸ. "ಅವರಿಗೆ ಹೇಳು, ಉಪ್ಪು ಕೊಡಾಕ." "ಉಪ್ಪು ಅವರ ಬಾಜೂಕನ ಐತಿ ಅಂತ ಹೇಳು." ಮೂರು ಅಡಿ ದೂರದ ಸಂದೇಶಗಳನ್ನು ನಾನು ಚಾಚೂ ತಪ್ಪದೆ ಮುಟ್ಟಿಸಿದೆ.

ನಾನಿಲ್ಲದಿದ್ದರೆ ಮಾತಾಡಿಯಾರು ಎಂದು ಅನ್ನಕ್ಕಿಟ್ಟು, ನೀರು ತರುವ ನೆಪದಲ್ಲಿ ಝರಿಗೆ ಹೋದೆ. ಬೇಕೆಂದೇ ಅರ್ಧ ತಾಸು ಕೂತೆ. ವಾಪಸು ಬರುವಾಗ ಸುಟ್ಟ ವಾಸನೆ ತೋಟದ ಬೇಲಿಯ ತನಕ ಬಂದಿತ್ತು. ಒಲೆಯ ಆಚೆ ಒಬ್ಬ, ಈಚೆ ಒಬ್ಬ, ಗಡಿಗೆಯನ್ನೇ ನೋಡುತ್ತ ಕೂತಿದ್ದರು.

"ಅನ್ನಾ ಸುಡಾಕತ್ತೈತಿ ಅಂತ ಅವರಿಗೆ ಹೇಳು," ಬಸವರಾಜ ನನ್ನನ್ನು ಕಂಡ ಕೂಡಲೇ ಹೇಳಿದ.

"ನನಗ ಮೊದಲ ಗೊತ್ತಾಗೇತಿ ಅಂತ ಹೇಳು," ಎಂದ ದಸ್ತಗೀರ.

ಇನ್ನು ಉಳಿದದ್ದು ದಸ್ತಗೀರನ ಡಬ್ಬಿ. ಅದರಲ್ಲಿ ಬೀಗರ ಮನೆಯ ಮಟನ್ ಬಿರಿಯಾನಿ ಇತ್ತು. ಬಸವರಾಜ ಸಸ್ಯಾಹಾರಿ. ದಸ್ತಗೀರ ಮುಚ್ಚಳಕ್ಕೆ ಕೈ ಹಾಕಿದವನು ಒಂದು ಕ್ಷಣ ನಿಂತ. ಆಮೇಲೆ ಡಬ್ಬಿಯನ್ನು ಎತ್ತಿಕೊಂಡು ಹೊರಗೆ ಹೋಗಿ, ಹಾಲು ಕೊಡಲು ಬಂದಿದ್ದ ಗಣಪತಿ ಮಾಮಾ ಅವರ ಕೈಗೇ ಕೊಟ್ಟು ಬಂದ. "ನನಗ ಇವತ್ತ ಹಸಿವಿಲ್ಲ," ಎಂದು ನನಗೆ ಹೇಳಿದ. ಮೂವರೂ ಅವಲಕ್ಕಿ ತಿಂದೆವು. ಬಸವರಾಜ ತನ್ನ ಚೀಲದಿಂದ ಶೇಂಗಾ ಚಟ್ನಿ ತೆಗೆದು ನಡುವೆ ಇಟ್ಟ, ಯಾರಿಗೆ ಎಂದು ಹೇಳಲಿಲ್ಲ. ದಸ್ತಗೀರ ಎರಡು ಸಲ ಹಾಕಿಕೊಂಡ. ನನಗೆ ಆಸೆ ಹುಟ್ಟಿತು, ಆದರೆ ಆ ದಿನ ಅಷ್ಟಕ್ಕೇ ನಿಂತಿತು.

ಭಾನುವಾರ ಬೆಳಿಗ್ಗೆ ಇಳಿಯತೊಡಗಿದೆವು. ಕೆಲಸ ಕೆಟ್ಟಿತಲ್ಲ ಎಂಬ ಚಿಂತೆಯಲ್ಲಿ ನಾನು ನೆಲ ನೋಡಲಿಲ್ಲ. ಝರಿಯ ಹತ್ತಿರ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದೆ. ಪಾದ ಹೊರಳಿ ಬೂದುಗುಂಬಳದ ಹಾಗೆ ಊದಿತು. ಎದ್ದು ನಿಲ್ಲಲು ಆಗಲಿಲ್ಲ. ಮುಂದೆ ಇನ್ನೂ ಎರಡೂವರೆ ಕಿಲೋಮೀಟರು ಇಳಿಜಾರಿತ್ತು.

"ಕೈ ಕೂಡಿಸಿ ಕುರ್ಚಿ ಮಾಡಬೇಕು ಅಂತ ಅವರಿಗೆ ಹೇಳು," ಎಂದ ಬಸವರಾಜ.

"ಗೊತ್ತೈತಿ ಅಂತ ಹೇಳು," ಎಂದ ದಸ್ತಗೀರ.

ನಾಲ್ಕು ಕೈಗಳ ಕುರ್ಚಿಯ ಮೇಲೆ ನಾನು ಇಬ್ಬರ ಹೆಗಲು ಹಿಡಿದು ಕೂತೆ. ನೂರು ಹೆಜ್ಜೆ ಸುಮ್ಮನೆ ಇಳಿದರು. ಆಮೇಲೆ ಬಸವರಾಜನ ಬಾಯಿಂದ ನೇರವಾಗಿ ಬಂತು: "ಏ, ಎಡಕ್ಕ ಕಲ್ಲೈತಿ, ಕಾಣಸೂದಿಲ್ಲನ?"

"ಕಾಣಸ್ತೈತಿ."

"ಕಾಣಸೂವಂಗಿದ್ರ ಒಂಬತ್ತ ತಿಂಗಳ ಹಿಂದ ನಮ್ಮ ಮನಿ ಬಾಗಲಾನೂ ಕಾಣಸ್ತಿತ್ತು!"

ದಸ್ತಗೀರ ನಿಂತ. ನಾನೂ ನಿಂತಂತಾಯಿತು. "ಮನಿಯವರನ್ನ ಯಾರರ ಕರೀತಾರೇನೋ? ನಿಮ್ಮ ಮಂದಿಗೆ ಅಂತ ಬ್ಯಾರೆ ಅಡಗಿಯವರನ್ನ ಹಚ್ಚಿದ್ದೆ. ಆ ಪಂಗತಿ ನೋಡಕೊಳ್ಳಾಕ ನೀ ಇರ್ತಿ ಅಂತ ಬ್ಯಾರೆ ಯಾರಿಗೂ ಆ ಕೆಲಸಾ ಹೇಳಿರಲಿಲ್ಲ. ಮಗಳನ್ನ ಕಳಸೂ ಹೊತ್ತಿನ್ಯಾಗ ಆಕಿ 'ಬಸುಕಾಕಾ ಎಲ್ಲೆ' ಅಂತ ಕೇಳಿದಳು. ನಾ ಏನ ಹೇಳ್ಲಿ?"

ಬಸವರಾಜನ ದನಿ ಇಳಿಯಿತು. "ನಾ ಹೊಸಾ ಅಂಗಿ ಹೊಲಿಸಿಕೊಂಡ ಎರಡ ದಿನಾ ಮನ್ಯಾಗ ಕುಂತಿದ್ದೆ. ಅಂಗಡಿ ಸೈತ ತಗದಿಲ್ಲ. ಇವತ್ತ ಕರಿಯಾಕ ಬರ್ತಾನ, ಈಗ ಬರ್ತಾನ ಅಂತ."

ನನಗೆ ಕಾಲು ನೋಯುತ್ತಿದ್ದುದು ಮರೆತೇಹೋಯಿತು.

"ಪತ್ರಿಕಿ ಕೈಗೆ ಬಂದಾಗ ಮದುವಿಗೆ ಮೂರ ದಿನಾ ಉಳದಿತ್ತು," ಎಂದ ದಸ್ತಗೀರ. "ದೂರದವರನ್ನ ಮೊದಲ ಕರದೆ. ನಿನ್ನ ಕಡೀಕ ಇಟ್ಟೆ. ಹೊತ್ತ ಸಾಲಲಿಲ್ಲ."

"ಪತ್ರಿಕಿ ಯಾಕ ತಡಾ ಆತು?"

"ಇವನ ಮಷೀನ ಕೆಟ್ಟಿತ್ತಲ್ಲ, ಆ ವಾರ."

"ಆ ವಾರ?" ಬಸವರಾಜ ಲೆಕ್ಕ ಹಾಕಿದ. "ಆ ವಾರ ಇವಾ ಎಲ್ಲಿದ್ದ ಇಲ್ಲೆ? ಬೈಲಹೊಂಗಲದಾಗ ಇದ್ದ. ನನಗ ಅಲ್ಲಿಂದ ಸೀತನಿ ತಂದ ಕೊಟ್ಟಾನ, ಎರಡ ಕಿಲೋ!"

ಇಬ್ಬರೂ ಮುಖ ತಿರುಗಿಸಿ ನನ್ನನ್ನು ನೋಡಿದರು. ಅಷ್ಟು ಹತ್ತಿರದಿಂದ ಅವರ ಮುಖಗಳನ್ನು ನಾನು ಎಂದೂ ನೋಡಿರಲಿಲ್ಲ. ಮುಂದಿನ ಕ್ಷಣ ಕುರ್ಚಿ ಬಿಚ್ಚಿಕೊಂಡಿತು. ನಾನು ನೆಲದ ಮೇಲಿದ್ದೆ.

ಅಲ್ಲಿಂದ ಗುಂಜಿಯವರೆಗೆ ಕರಡಿಯ ಭಯ ಇರಲಿಲ್ಲ. ಇಬ್ಬರೂ ಒಂದೇ ದನಿಯಲ್ಲಿ ನನ್ನನ್ನು ಬೈಯುತ್ತ, ಹೊತ್ತುಕೊಂಡು ಇಳಿದರು. ಒಬ್ಬನಿಗೆ ಉಸಿರು ಸಾಲದಾದರೆ ಇನ್ನೊಬ್ಬ ಮುಂದುವರಿಸುತ್ತಿದ್ದ. ನಾನು "ತಪ್ಪಾತು" ಎಂದು ಎಷ್ಟು ಸಲ ಹೇಳಿದೆನೋ. ನಿಜವಾಗಿಯೂ ನಾಚಿಕೆಯಾಗಿತ್ತು. ಆರು ದಿನದ ಸೋಮಾರಿತನಕ್ಕೆ ಇವರು ಒಂಬತ್ತು ತಿಂಗಳು ಕಳೆದುಕೊಂಡಿದ್ದರು.

ಗಣಪತಿ ಮಾಮಾ ತಮ್ಮ ಟೆಂಪೋದಲ್ಲಿ ಖಾನಾಪುರಕ್ಕೆ ಕರೆತಂದರು. ಡಾಕ್ಟರು ಎಲುಬು ಮುರಿದಿಲ್ಲ ಎಂದು ಪಟ್ಟಿ ಕಟ್ಟಿದರು. ಸಂಜೆಯ ಬೆಳಗಾವಿ ಬಸ್ಸಿನಲ್ಲಿ ನನ್ನನ್ನು ಕಾಲು ಚಾಚಿ ಒಂದು ಸೀಟಿನಲ್ಲಿ ಮಲಗಿಸಿ, ಅವರಿಬ್ಬರೂ ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ಊರು ದಾಟಿದ ಮೇಲೆ ಬಸವರಾಜ ಅಂಗಿ ಸರಿಪಡಿಸಿಕೊಂಡು, ಬಹುವಚನದಲ್ಲಿ ಕೇಳಿದ.

"ನಾಳಿ ಸಂಜಿಕ್ಕ ಮನ್ಯಾಗ ಇರ್ತೀರಿಲ್ರೀ? ಗಂಡಾ ಹೆಂಡತಿ ಕೂಡೇ ಬರ್ತೀವಿ. ಮೊಮ್ಮಗಳ ತೊಟ್ಟಲಕ್ಕ ಕರಿಯಾಕ."

"ಬರ್ರಿ," ಎಂದ ದಸ್ತಗೀರ. ಕರವಸ್ತ್ರದಿಂದ ಮುಖ ಒರೆಸಿಕೊಂಡ.

ನನಗೆ ತುಂಬ ಸಂತೋಷವಾಯಿತು. ಗೆದ್ದೆ ಅನ್ನಿಸಿತು. ಹಿಂದಿನಿಂದ ಕೇಳಿದೆ, "ನಮ್ಮ ಮನಿಗೆ ಯಾವಾಗ ಬರ್ತಿ, ಬಸೂ?"

ಬಸವರಾಜ ಮೊಬೈಲ್ ತೆಗೆದು ಏನೋ ಒತ್ತಿದ. ನನ್ನ ಜೇಬಿನಲ್ಲಿ ಸದ್ದಾಯಿತು. ತೆಗೆದು ನೋಡಿದೆ. ತೊಟ್ಟಿಲ ಪತ್ರಿಕೆಯ ಫೋಟೋ. ನಾನೇ ಅಚ್ಚು ಹಾಕಿ, ಈ ಸಲ ಹೇಳಿದ ದಿನಕ್ಕೇ ಕೊಟ್ಟ ಪತ್ರಿಕೆ.

"ನೀ ಮನೀ ಮನಷ್ಯಾ," ಎಂದ ಅವನು, ತಿರುಗಿ ನೋಡದೆ. ದಸ್ತಗೀರ ಹೊಟ್ಟೆ ಹಿಡಿದುಕೊಂಡು ನಕ್ಕ.

ತಮಾಷೆ ಎಂದು ಗೊತ್ತಿತ್ತು. ಆದರೂ ಎದೆಯಲ್ಲಿ ಚುರ್ ಎಂದದ್ದು ಖರೆ. ಬೆಳಗಾವಿ ಸ್ಟ್ಯಾಂಡ್ ಬರುವವರೆಗೂ ನಾನು ಅವರಿಬ್ಬರ ಜೊತೆ ಮಾತು ಬಿಟ್ಟೆ. ಅವರಿಗದು ತಿಳಿಯಲೇ ಇಲ್ಲ, ಒಂಬತ್ತು ತಿಂಗಳ ಮಾತು ಹಾಗೇ ಉಳಿದಿತ್ತು, ಅದನ್ನು ಆಡುತ್ತ ಕೂತಿದ್ದರು.