ಕಣಕ್ಕೆ ಬಂದ ಮೋಟಾರು

ನಮ್ಮದು ಕುರಿ ಮತ್ತು ತುಂಡು ಹೊಲ ನಂಬಿದ ಮನೆತನ. ಅದರಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾಗಲಕೋಟೆಯಲ್ಲಿ ಮಾಸ್ತರಿಕೆ ಸಿಕ್ಕ ಮೇಲೆ ಹಳೆಯ ಸಣ್ಣ ಮೋಟಾರೊಂದನ್ನೂ ಕೊಂಡಿದ್ದೆ.

ಬಾದಾಮಿಯ ದೊಡ್ಡವ್ವನ ಮೊಮ್ಮಗನಿಗೆ ಮರುದಿನ ತೊಟ್ಟಿಲು. ಅವ್ವ ತನ್ನ ಅಕ್ಕನ ಮುಖ ನೋಡಿ ಎಂಟು ವರ್ಷವಾಗಿತ್ತು. ಮೋಟಾರಿನಲ್ಲಿ ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, ಹುನಗುಂದದ ಹತ್ತಿರದ ನಮ್ಮೂರಿಗೆ ಬಂದೆ. ದಾರಿಯುದ್ದಕ್ಕೂ ಗೇರಿನ ಪೆಟ್ಟಿಗೆ ಕಿರುಗುಟ್ಟಿತು. ಮನೆ ಮುಟ್ಟಿದವನೇ ಮೋಟಾರಿನ ಜೊತೆ ಬಂದಿದ್ದ ಪುಸ್ತಕ ತೆರೆದು ಆ ಪೆಟ್ಟಿಗೆಯ ಎಣ್ಣೆ ನೋಡಿದೆ. ಕಡಿಮೆಯಿರಲಿಲ್ಲ.

ಸದ್ದು ಕೇಳಿ ಅಪ್ಪನ ದೋಸ್ತ ಬಂದರು. ಇಳಕಲ್ಲಿನಲ್ಲಿ ಇಂಜಿನ್ನು ರಿಪೇರಿ ಮಾಡಿ ಊರಿಗೆ ಮರಳಿದ್ದ ಮುಸಲ್ಮಾನ ಮಿಸ್ತ್ರಿ ಅವರು.

"ಎಣ್ಣಿ ನೋಡಿದ್ರೇನ್ರಿ?"

"ಎರಡ ಸಲ ನೋಡೇನ್ರಿ. ಪೆಟ್ಟಿಗಿ ಬಾಜೂ ತೂತಿನ ಮಟ್ಟಕ್ಕ ಐತಿ."

ಅವರು ಮೋಟಾರು ನಿಂತಿದ್ದ ಅಂಗಳದಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರು. ನೀರು ಸೀದಾ ಓಣಿಗೆ ಓಡಿತು.

"ಸಪಾಟ ನೆಲದಾಗ ನೋಡಬೇಕಂತ ಪುಸ್ತಕದಾಗ ಬರದಿಲ್ಲೇನ್ರಿ, ಮಾಸ್ತರ?"

ಬರೆದಿತ್ತು. ಓದಿಯೂ ಇದ್ದೆ. ಆಡಿ ಬೆಳೆದ ಅಂಗಳವೇ ಇಳಿಜಾರೆಂದು ಹೊಳೆದಿರಲಿಲ್ಲ.

ಹತ್ತಿರದಲ್ಲಿ ಸಪಾಟಾದ ನೆಲವೆಂದರೆ ನಮ್ಮ ಕಣ. ರಾಶಿಗೆಂದು ಅಪ್ಪ ಸೆಗಣಿ ಸಾರಿಸಿ ಒಣಗಿಸಿದ್ದ.

"ಕಣದಾಗ ಚಪ್ಪಲಿ ಹಾಕ್ಕೊಂಡು ಯಾರೂ ಬರೂದಿಲ್ಲ" ಎಂದ ಅಪ್ಪ. "ಇದರ ಕಾಲಾಗ ನಾಕು ರಬ್ಬರ ಚಪ್ಪಲಿ ಅದಾವು."

"ಬಿಚ್ಚಿದ್ರ ಅದು ನಡಿಯೂದಿಲ್ಲಲೇ" ಎಂದರು ಮಿಸ್ತ್ರಿ. "ಇಲ್ಲೇ ಇಳಿಜಾರಿನಾಗ ಎಣ್ಣಿ ಹಾಕಿದ್ರ ಕಡಿಮಿ ಬಿದ್ದು ಗೇರಿನ ಹಲ್ಲು ಮುರಿತಾವ. ನಿನ್ನ ಹೇಣ್ತಿ ಬಾದಾಮಿತನಕ ನಡಕೋತ ಹೋಗಬೇಕು, ನೋಡು."

ಅವ್ವ ಕೊಡ ತಂದು, ಎತ್ತಿನ ಕಾಲು ತೊಳೆದಂತೆ ನಾಲ್ಕೂ ಗಾಲಿಗಳನ್ನು ಉಜ್ಜಿ ತೊಳೆದಳು. ಅಪ್ಪ ನಿಂತು ನೋಡಿದ. ಆಮೇಲೆ ಒಳಗಿನಿಂದ ಹಳೆಯ ಕಂಬಳಿ ತಂದು ಕಣದಲ್ಲಿ ಹಾಸಿದ.

"ಒಂದ ಹನಿ ಹೊರಗ ಬೀಳಬಾರದು."

ಮೋಟಾರನ್ನು ದೂಡಿಕೊಂಡು ಕಂಬಳಿಯ ಮೇಲೆ ನಿಲ್ಲಿಸಿದೆವು. ಬಿಸಿ ಆರಿರಲಿಲ್ಲ, ಮಿಸ್ತ್ರಿ ಕೆಳಗಿನ ಬಿರಡೆ ಬಿಚ್ಚಿದೊಡನೆ ಕರಿ ಎಣ್ಣೆ ಕೆಳಗಿಟ್ಟಿದ್ದ ಅಗಲ ಪರಾತಕ್ಕೆ ಇಳಿಯಿತು. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಅಂಗಳದ ಇಳಿಜಾರಿನಲ್ಲಿ ಎಣ್ಣೆ ತೂತಿನ ಕಡೆ ವಾಲಿ ನನಗೆ ತುಂಬಿದಂತೆ ಕಂಡಿತ್ತು. ಅವರು ಒಂದು ಹನಿಯನ್ನು ಬೆರಳಿನಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ.

"ಕಬ್ಬಿಣದ ಚೂರಿಲ್ಲ. ಹಲ್ಲು ಗಟ್ಟಿ ಅದಾವು."

ಬಿರಡೆ ಬಿಗಿದು, ನಾನು ತಂದಿದ್ದ ಡಬ್ಬಿಯ ಹೊಸ ಎಣ್ಣೆ ಹೊಯ್ದೆವು. ಬದಿಯ ತೂತಿನಿಂದ ಹೊರಗೆ ಸೋರಿದೊಡನೆ ಮಿಸ್ತ್ರಿ ಕೈ ಅಡ್ಡ ಹಿಡಿದರು.

"ಇನ್ನಷ್ಟ ಹಾಕೋ" ಎಂದ ಅಪ್ಪ. "ದೂರ ಹೋಗೂದೈತಿ."

"ಇದೇನ ಬೀಗರ ಊಟ ಅಲ್ಲೋ ಮಾರಾಯಾ, ಬ್ಯಾಡಂದ ಮ್ಯಾಲೂ ಬಡಸಾಕ."

ಮರುದಿನ ಬಾದಾಮಿಗೆ ಹೊರಟಾಗ ಗೇರು ಸದ್ದಿಲ್ಲದೆ ಬಿದ್ದಿತು. ಗದ್ದಲವಿಲ್ಲದ ಮೋಟಾರಿನಲ್ಲಿ ಅವ್ವನ ಮಾತು ಶುರುವಾಯಿತು. ದೊಡ್ಡವ್ವನ ಮದುವೆಯಲ್ಲಾದ ಜಗಳದಿಂದ ಹಿಡಿದು ನಾನು ಕೇಳಿರದ ಎಷ್ಟೋ ಸಂಗತಿ. ಬಾದಾಮಿ ಬಂದರೂ ಮುಗಿಯಲಿಲ್ಲ.

ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. "ಏನ ತಂಗಿ, ಮೋಟಾರ ಹೆಂಗ ಬಂತು?"

"ಮಾತಿನಾಗ ಗೊತ್ತಾಗಲಿಲ್ಲಕ್ಕಾ" ಎಂದ ಅವ್ವ ಆಗಲೇ ಒಳಗೆ ನಡೆದಿದ್ದಳು. "ಮೊದಲ ಕೂಸ ತೋರಸು."