ದೊಡ್ಡಪ್ಪ ಮಾಡಿಕೊಟ್ಟ ಕಣ

ಮೈಸೂರು ಎಲ್ಲಿ ಮುಗಿಯುತ್ತದೆ, ಹಳ್ಳಿ ಎಲ್ಲಿ ಶುರುವಾಗುತ್ತದೆ ಎಂಬುದು ಮೂಗಿಗೇ ಗೊತ್ತಾಗುತ್ತಿದ್ದ ಕಾಲ ಅದು. ಒಂಟಿಕೊಪ್ಪಲಿನ ನಮ್ಮ ಮನೆಯಿಂದ ಹುಣಸೂರು ರಸ್ತೆ ಹಿಡಿದು ನಡೆದರೆ ಮೊದಲು ಕಾಫಿಪುಡಿ ಅಂಗಡಿಯ ವಾಸನೆ, ಆಮೇಲೆ ಸಾಲುಮರಗಳ ತಂಪು, ಆಮೇಲೆ ಒಣಹುಲ್ಲು, ಸಗಣಿ, ಸೌದೆ ಒಲೆಯ ಹೊಗೆ. ಹೊಗೆ ಮೂಗಿಗೆ ಬಡಿದರೆ ಹಿನಕಲ್ ಬಂತು ಎಂದು ಅರ್ಥ. ಅಲ್ಲಿ ನಮ್ಮ ದೊಡ್ಡಪ್ಪನ ಮನೆ. ಮೂರು ಮೈಲಿಯೂ ಇಲ್ಲದ ಆ ದಾರಿಯಲ್ಲಿ, ನನಗೆ ಹತ್ತು ವರ್ಷ ತುಂಬುವವರೆಗೆ ನಾನು ಅಪ್ಪನ ಜೊತೆ ಒಮ್ಮೆಯೂ ನಡೆದಿರಲಿಲ್ಲ. ಹಬ್ಬಕ್ಕೆ ಅವ್ವನ ಜೊತೆ ಹೋಗುತ್ತಿದ್ದೆ. ಅಪ್ಪ ಬರುತ್ತಿರಲಿಲ್ಲ. ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿರಲಿಲ್ಲ.

ಕಾರಣ ಬ್ಯಾಸ್ಕೆಟ್‌ಬಾಲ್.

ದೊಡ್ಡಪ್ಪ ಮೂರನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟು ನೇಗಿಲು ಹಿಡಿದದ್ದು ತಮ್ಮ ಓದಲಿ ಎಂದು. ತಮ್ಮ ಅಮಲ್ದಾರನಾಗುತ್ತಾನೆ, ಜೀಪಿನಲ್ಲಿ ಊರಿಗೆ ಬರುತ್ತಾನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ಅಪ್ಪ ಬಿ.ಎ. ಮುಗಿಸಿ, ಮದರಾಸಿಗೆ ಹೋಗಿ ಒಂದು ವರ್ಷ ಆಟ ಕಲಿಸುವ ತರಬೇತಿ ಪಡೆದು, ಸ್ವಾತಂತ್ರ್ಯ ಬಂದ ವರ್ಷ ಮೈಸೂರಿನ ಒಂದು ಕಾಲೇಜಿಗೆ ಆಟದ ಮೇಷ್ಟ್ರಾಗಿ ಸೇರಿಕೊಂಡರು. ಏನು ಕೆಲಸ ಎಂದು ದೊಡ್ಡಪ್ಪ ಕೇಳಿದರಂತೆ. ಹುಡುಗರಿಗೆ ಬುಟ್ಟಿಯೊಳಕ್ಕೆ ಚೆಂಡು ಹಾಕುವುದು ಕಲಿಸುವ ಕೆಲಸ ಎಂದು ಅಪ್ಪ ಹೇಳಿದರಂತೆ. ಬುಟ್ಟಿಗೆ ತಳ ಇದೆಯಾ ಎಂದು ಮತ್ತೆ ಕೇಳಿದರಂತೆ. ಇಲ್ಲ ಎಂದಾಗ ದೊಡ್ಡಪ್ಪ, ತಳವಿಲ್ಲದ ಬುಟ್ಟಿಗೆ ಚೆಂಡು ಹಾಕೋಕೆ ನಾನು ಹದಿನೈದು ವರ್ಷ ಉತ್ತೆನಾ ಎಂದು ಎದ್ದು ಹೋದವರು, ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಸುಗ್ಗಿ ಮುಗಿದ ಮೇಲೆ ರಾಗಿ, ಅವರೆಕಾಯಿ, ಹುಣಸೆಹಣ್ಣು ಮಾತ್ರ ತಪ್ಪದೆ ಗಾಡಿಯಲ್ಲಿ ಬರುತ್ತಿದ್ದವು. ಆಳು ಬಂದು ಇಳಿಸಿ ಹೋಗುತ್ತಿದ್ದ.

ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡವರ ಹಾಗೆ ಕಾಣುತ್ತಿರಲಿಲ್ಲ. ದಿನಾ ಸಂಜೆ ನಾಲ್ಕೂವರೆಗೆ ಕಾಲೇಜಿನ ಅಂಗಳದಲ್ಲಿ ಅವರ ಸೀಟಿ ಕೇಳಬೇಕು. ಶಾಲೆ ಬಿಟ್ಟ ಮೇಲೆ ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ಅಪ್ಪ ಯಾರನ್ನೂ ಬೈಯುತ್ತಿರಲಿಲ್ಲ. ಚೆಂಡು ಕೈತಪ್ಪಿದವನ ಹತ್ತಿರ ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಚೆಂಡಿನ ಮೇಲೆ ಇಟ್ಟು, ಇನ್ನೊಂದು ಸಲ ಎನ್ನುತ್ತಿದ್ದರು. ನೂರು ಸಲ ತಪ್ಪಿದರೆ ನೂರಾ ಒಂದನೆಯ ಸಲವೂ ಅದೇ ದನಿ. ಆಗಿನ ಚೆಂಡು ತೊಗಲಿನದು, ಬೂಟಿನ ಹಾಗೆ ದಾರ ಬಿಗಿದು ಕಟ್ಟುವಂಥದ್ದು. ಆಟ ಮುಗಿದ ಮೇಲೆ ಅದು ನಮ್ಮ ಮನೆಗೇ ಬರುತ್ತಿತ್ತು. ಅಪ್ಪ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುವಾಗ ಮನೆಯೆಲ್ಲ ಒಂದು ವಾಸನೆ. ಅವ್ವ, ಮಗಳ ತಲೆಗೆ ಇಲ್ಲದ ಎಣ್ಣೆ ಚೆಂಡಿಗೆ ಎಂದು ಗೊಣಗುತ್ತಿದ್ದಳು.

ನನಗೆ ಹತ್ತು ತುಂಬಿದ ವರ್ಷ ಬೇಸಿಗೆ ರಜಾ ಶುರುವಾಗುವ ಹೊತ್ತಿಗೆ ಕಾಲೇಜಿಗೆ ಹೊಸ ಪ್ರಿನ್ಸಿಪಾಲರು ಬಂದರು. ಕೆಟ್ಟವರಲ್ಲ, ಓದೇ ಮುಖ್ಯ ಎನ್ನುವವರು. ಬ್ಯಾಸ್ಕೆಟ್‌ಬಾಲ್ ಅಂಗಳದ ಜಾಗದಲ್ಲಿ ರಸಾಯನಶಾಸ್ತ್ರದ ಲ್ಯಾಬು ಕಟ್ಟಲು ತೀರ್ಮಾನವಾಯಿತು. ಅಪ್ಪನನ್ನು ಕರೆಸಿ, ಹಾಸ್ಟೆಲಿನ ಹಿಂದೆ ಖಾಲಿ ಜಾಗವಿದೆ, ಅಲ್ಲಿ ಅಂಗಳ ಮಾಡಿಕೊಳ್ಳಿ, ಕಾಲೇಜು ತೆರೆಯುವ ಹೊತ್ತಿಗೆ ಆಡುವ ಹಾಗಿದ್ದರೆ ಆಟ ಉಂಟು, ಇಲ್ಲದಿದ್ದರೆ ನೀವು ಡ್ರಿಲ್ ಮಾತ್ರ ಮಾಡಿಸಿಕೊಂಡಿರಿ ಎಂದರು. ಮನೆಗೆ ಬಂದ ಅಪ್ಪ ಅವ್ವನಿಗೆ ಇದನ್ನೆಲ್ಲ ಹೇಳಿ, ಒಂದು ತಿಂಗಳು ಸಾಕು ಎಂದು ಊಟಕ್ಕೆ ಕೂತರು.

ಸಾಕಾಗಲಿಲ್ಲ. ಹಾಸ್ಟೆಲಿನ ಹಿಂದಿನ ಜಾಗ ಕಲ್ಲು, ಕುರುಚಲು. ತಂಡದ ಹುಡುಗರು ರಜಕ್ಕೆ ಊರಿಗೆ ಹೋಗದೆ ಉಳಿದುಕೊಂಡು ಗುದ್ದಲಿ ಹಿಡಿದರು. ಅವರ ನಾಯಕ ವರದ ಎಂಬುವನು ಮೈಸೂರಿನ ಅಗ್ರಹಾರದ ಹುಡುಗ, ಆರಡಿಗೂ ಮೇಲೆ. ಅಂಗೈಯಲ್ಲಿ ಬೊಕ್ಕೆ ಎದ್ದರೂ ಮುಷ್ಟಿ ಮುಚ್ಚಿಕೊಂಡು ಯಾರಿಗೂ ತೋರಿಸಲಿಲ್ಲ. ಮದರಾಸಿನಲ್ಲಿ ಕೊಟ್ಟಿದ್ದ ಪುಸ್ತಕ ನೋಡಿಕೊಂಡು ಅಪ್ಪ ಅಳತೆ ಹಾಕಿ, ಮಣ್ಣು ಹೊಡೆಸಿ, ನೀರು ಹಾಕಿ ದಮ್ಮಸು ಮಾಡಿಸಿದರು. ಮೂರು ವಾರದ ಮೇಲೆ ನೆಲ ನೋಡಲು ಚಂದವೇ ಇತ್ತು. ಒಂದು ಮಧ್ಯಾಹ್ನ ಭರಣಿ ಮಳೆ ಹೊಡೆಯಿತು. ನೆಲ ಗಂಜಿಯಾಯಿತು. ಎರಡು ದಿನ ಬಿಸಿಲು ಬಿದ್ದ ಮೇಲೆ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ವರದ ಚೆಂಡು ತಂದು ನೆಲಕ್ಕೆ ಹೊಡೆದ. ಚೆಂಡು ಮೇಲೆ ಬರಲೇ ಇಲ್ಲ. ಹುಡುಗರು ಅಪ್ಪನ ಮುಖ ನೋಡಿದರು. ಅಪ್ಪ ಬಗ್ಗಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡುತ್ತ ನಿಂತರು.

ಅವತ್ತು ಊಟದ ಹೊತ್ತಿನಲ್ಲಿ ಅವ್ವ ಹೇಳಿದಳು: "ಪುಸ್ತಕ ಓದಿ ಯಾರಾದ್ರೂ ಕಣ ಮಾಡ್ತಾರಾ? ಕಣ ಮಾಡೋರು ಹಿನಕಲ್ಲಲ್ಲಿದ್ದಾರೆ. ಹೋಗಿ ಕೇಳಿ."

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಎರಡು ದಿನ ಅವ್ವನೂ ಆ ಮಾತು ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಪ್ಪ ಒಗೆದ ಅಂಗಿ ಹಾಕಿಕೊಂಡು, ಬಾ ಎಂದು ನನ್ನ ಕೈ ಹಿಡಿದರು. ಹುಣಸೂರು ರಸ್ತೆ ಹಿಡಿದು ನಡೆದೆವು. ಅವರ ಅಂಗೈ ಬೆವರುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಎಷ್ಟು ದೊಡ್ಡ ತಂಡ ಎದುರಿಗೆ ಬಂದರೂ ಬೆವರದ ಕೈ ಅದು.

ದೊಡ್ಡಪ್ಪ ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದರು. ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ತಲೆ ತಗ್ಗಿಸಿದರು. ಹಗ್ಗ ಹೊಸೆಯುತ್ತಲೇ ನನ್ನನ್ನು, ಏನವ್ವ, ಬಿಸಿಲಲ್ಲಿ ನಡ್ಕೊಂಡೇ ಬಂದ್ಬುಟ್ಟಾ, ಮಜ್ಜಿಗೆ ಕುಡೀತೀಯಾ ಎಂದು ಕೇಳಿದರು. ಅಪ್ಪ ಅಲ್ಲಿಲ್ಲವೇ ಇಲ್ಲ ಎಂಬ ಹಾಗೆ. ನಾನು ಅಪ್ಪನೂ ಕುಡೀತಾರೆ ಎಂದೆ. ದೊಡ್ಡಮ್ಮ ಎರಡು ಲೋಟ ತಂದಿಟ್ಟಳು. ಅಪ್ಪ ಲೋಟ ಮುಟ್ಟದೆ, ನಿಂತೇ ಹೇಳಿದರು:

"ಅಣ್ಣಯ್ಯ, ನಂಗೊಂದು ಕಣ ಮಾಡ್ಕೊಡು."

ಹಗ್ಗ ಹೊಸೆಯುವ ಕೈ ನಿಂತಿತು.

"ಒಕ್ಕಕ್ಕೆ ಏನು ಬೆಳ್ದಿದ್ದೀಯ ನೀನು?"

"ಹುಡುಗ್ರನ್ನ ಬೆಳ್ದಿದ್ದೀನಿ," ಎಂದರು ಅಪ್ಪ. "ಹನ್ನೊಂದು ವರ್ಷದ ಬೆಳೆ. ಕಣ ಇಲ್ದೆ ಹಾಳಾಗ್ತದೆ."

ದೊಡ್ಡಪ್ಪ ಎದ್ದರು. ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿ ಒಳಗೆ ಹೋದರು. ಆಗೋದಿಲ್ಲ ಎಂದು ಅರ್ಥ ಎಂದುಕೊಂಡು ನನಗೆ ಅಳು ಬಂತು. ಅಪ್ಪ ಮಾತ್ರ ಕೂತು ನಿಧಾನವಾಗಿ ಮಜ್ಜಿಗೆ ಕುಡಿದರು. ವಾಪಸು ಬರುವಾಗ ಅವರ ಅಂಗೈ ಒಣಗಿತ್ತು. ದೊಡ್ಡಪ್ಪ ಬರಲ್ವಾ ಅಪ್ಪ ಎಂದು ಕೇಳಿದೆ. ಬರಲ್ಲ ಅನ್ನಲಿಲ್ಲವಲ್ಲ ಎಂದರು.

ಸೋಮವಾರ ಬೆಳಗ್ಗೆ ಹಾಸ್ಟೆಲಿನ ಹಿಂದೆ ಎರಡು ಗಾಡಿ ಬಂದು ನಿಂತವು. ದೊಡ್ಡಪ್ಪ, ನಾಲ್ಕು ಎತ್ತು, ಒಬ್ಬ ಆಳು, ರಾಗಿ ಒಕ್ಕುವ ಗುಂಡುಕಲ್ಲು. ದೊಡ್ಡಪ್ಪ ಅಪ್ಪನ ನೆಲವನ್ನು ಬರಿಗಾಲಲ್ಲಿ ಒಂದು ಸುತ್ತು ತುಳಿದು, ಇದನ್ನೆಲ್ಲ ಕೆತ್ತಿ ಹಾಕಿ ಎಂದರು. ಮೂರು ವಾರದ ಕೆಲಸ ಅರ್ಧ ದಿನದಲ್ಲಿ ಹೋಯಿತು. ಆಮೇಲೆ ಹಿನಕಲ್ ಕೆರೆಯ ಗೋಡುಮಣ್ಣು ಬಂತು, ಅದಕ್ಕೆ ಇಷ್ಟು ಎಂದು ಸಣ್ಣಕಲ್ಲಿನ ಗರಸು ಸೇರಿತು. ಎಷ್ಟಕ್ಕೆ ಎಷ್ಟು ಎಂಬುದನ್ನು ದೊಡ್ಡಪ್ಪ ಮಂಕರಿಯಲ್ಲಿ ಅಳೆಯಲಿಲ್ಲ. ಹಿಡಿಯಲ್ಲಿ ಹಿಸುಕಿ ನೋಡಿ ಹೇಳುತ್ತಿದ್ದರು. ನೀರು ಹೊಯ್ದು ಎತ್ತುಗಳನ್ನು ಜೊತೆ ಕಟ್ಟಿ ಸುತ್ತು ಹೊಡೆಸಿದರು. ಮುಂದಿನ ಜೋಡಿಯ ಹಗ್ಗ ನನ್ನ ಕೈಯಲ್ಲಿ. ಹಿಂದೆ ಹುಡುಗರೆಲ್ಲ ಒಬ್ಬರ ಭುಜ ಒಬ್ಬರು ಹಿಡಿದು ತುಳಿಯುತ್ತಿದ್ದರು. ಮಂಡಿಯವರೆಗೆ ತಣ್ಣನೆಯ ಕೆಸರು, ನೆತ್ತಿಯ ಮೇಲೆ ಮೇ ತಿಂಗಳ ಬಿಸಿಲು. ಅಷ್ಟು ಸುಖ ನಾನು ಆಮೇಲೆ ಕಂಡದ್ದು ಕಡಿಮೆ.

ಮಧ್ಯಾಹ್ನ ಅವ್ವ ಮುದ್ದೆ, ಉಪ್ಸಾರು ತರುತ್ತಿದ್ದಳು. ವರದ ಮೊದಲೆರಡು ದಿನ ಮನೆಯ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ದೂರ ಕೂತ. ಮೂರನೆಯ ದಿನ ಡಬ್ಬಿ ಖಾಲಿಯಾದ ಮೇಲೂ ನಮ್ಮ ಕಡೆ ನೋಡುತ್ತಿದ್ದ. ದೊಡ್ಡಪ್ಪ ಒಂದು ಮುದ್ದೆ ಮುರಿದು ಎಲೆಯಲ್ಲಿಟ್ಟು ಅವನ ಮುಂದೆ ಸರಿಸಿ, "ಅಗೀಬ್ಯಾಡ ಕಣಪ್ಪ, ನುಂಗು," ಎಂದರು. ಅವನು ಅಗಿದ. ಅಂಟಿದ ಹಲ್ಲು ಬಿಡಿಸಿಕೊಳ್ಳಲಾರದೆ ಒದ್ದಾಡಿದ. ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಅವನು ಡಬ್ಬಿ ತರಲಿಲ್ಲ.

ಗುಂಡುಕಲ್ಲು ಉರುಳಿಸುವುದಕ್ಕೆ ನಾಲ್ಕು ದಿನ. ಆಮೇಲೆ ಸಗಣಿ ಬಗ್ಗಡ ಬಳಿದು ಒಣಗಿಸುವುದು, ಮತ್ತೆ ಬಳಿಯುವುದು. ಅಷ್ಟು ದಿನವೂ ಅಣ್ಣ ತಮ್ಮ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕೊನೆಯ ಸಲ ಬಳಿದದ್ದು ಒಣಗಿದ ಸಂಜೆ ಅಪ್ಪ ಸುಣ್ಣದಲ್ಲಿ ಗೆರೆ ಎಳೆಸಿ, ಕಂಬ ನೆಟ್ಟು, ಹುಡುಗರನ್ನು ಆಟಕ್ಕೆ ನಿಲ್ಲಿಸಿದರು. ದೊಡ್ಡಪ್ಪ ಗಾಡಿಯ ಮೂಕಿಯ ಮೇಲೆ ಕೂತು ಎಲೆಅಡಿಕೆ ಬಿಚ್ಚಿದರು. ತಮ್ಮನ ಕೆಲಸವನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ಒಬ್ಬ ಹುಡುಗ ಒಂದೇ ಎಸೆತವನ್ನು ಮತ್ತೆ ಮತ್ತೆ ತಪ್ಪುತ್ತಿದ್ದ. ಅಪ್ಪ ಪ್ರತಿ ಸಲವೂ ಅವನ ಹತ್ತಿರ ಹೋಗಿ, ಮೊಣಕೈ ಸರಿ ಮಾಡಿ, ಇನ್ನೊಂದು ಸಲ ಎಂದರು. ದೊಡ್ಡಪ್ಪನ ಕೈಯಲ್ಲಿ ಸುಣ್ಣ ಸವರಿದ ಎಲೆ ಹಾಗೇ ಉಳಿದಿತ್ತು. ಕತ್ತಲಾಗುವ ಹೊತ್ತಿಗೆ ಹುಡುಗನ ಚೆಂಡು ಬುಟ್ಟಿಯೊಳಗೆ ಬಿತ್ತು. ಆಗ ನನಗೆ ಮಾತ್ರ ಕೇಳುವ ಹಾಗೆ ದೊಡ್ಡಪ್ಪ, "ಹೊಸ ಹೋರಿ ಪಳಗ್ಸಕ್ಕೂ ನಂಗೆ ಇಷ್ಟು ತಾಳ್ಮೆ ಇಲ್ಲ ಕಣವ್ವ," ಎಂದರು.

ಕಾಲೇಜು ತೆರೆಯುವ ಹಿಂದಿನ ದಿನ ಮಧ್ಯಾಹ್ನದಿಂದಲೇ ಮುಂಗಾರು ಹಿಡಿಯಿತು. ಬೆಳಗ್ಗೆ ಪ್ರಿನ್ಸಿಪಾಲರು ನೋಡಲು ಬರುವವರಿದ್ದರು. ಗೋಣಿತಾಟು ಹೊದಿಸೋಣ, ಕಾಲುವೆ ತೋಡೋಣ ಎಂದು ಹುಡುಗರು ಓಡಿ ಬಂದರು. ದೊಡ್ಡಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳದ ಅಂಚಿನಲ್ಲಿ ನಿಂತು, ಯಾರೂ ಒಳಗೆ ಕಾಲಿಡಬೇಡಿ, ಅದರ ಪಾಡಿಗೆ ಅದು ಇರಲಿ ಎಂದು ಎಲ್ಲರನ್ನೂ ಕಳುಹಿಸಿದರು. ಅವತ್ತು ಅವರು ಹಿನಕಲ್ಲಿಗೆ ಹೋಗಲಿಲ್ಲ. ನಮ್ಮ ಮನೆಗೆ ಬಂದರು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಕಾಲು ತೊಳೆದುಕೊಂಡು ಒಳಗೆ ಬಂದರು. ಅವ್ವ ಏನೂ ನಡೆದೇ ಇಲ್ಲ ಎಂಬಂತೆ ಇನ್ನೊಂದು ತಟ್ಟೆ ಹಾಕಿದಳು.

ಬೆಳಗ್ಗೆ ಹೋಗಿ ನೋಡಿದರೆ ಅಂಗಳದ ಮೇಲೆ ಒಂದು ಹನಿ ನಿಂತಿರಲಿಲ್ಲ. ದೊಡ್ಡಪ್ಪ ನಡುವೆ ಮೀನಿನ ಬೆನ್ನಿನ ಹಾಗೆ ಒಂದಿಷ್ಟು ಉಬ್ಬು ಇಟ್ಟಿದ್ದರು. ಕಣ್ಣಿಗೆ ಕಾಣದಷ್ಟು, ನೀರಿಗೆ ಮಾತ್ರ ತಿಳಿಯುವಷ್ಟು. ಹತ್ತು ಗಂಟೆಯ ಬಿಸಿಲಿಗೆ ನೆಲ ಒಣಗಿತು. ಪ್ರಿನ್ಸಿಪಾಲರು ಬಂದು, ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡಿ, ಚೆಂಡು ಕೇಳಿ ಇಸಿದುಕೊಂಡು ನೆಲಕ್ಕೆ ಹೊಡೆದರು. ಚೆಂಡು ಅವರ ಎದೆಗೆ ಬಂತು. ಇದನ್ನು ಮಾಡಿದ ಕಂಟ್ರಾಕ್ಟರು ಯಾರು ಎಂದು ಕೇಳಿದರು.

"ನಮ್ಮಣ್ಣ ಸಾರ್," ಎಂದರು ಅಪ್ಪ.

ಪ್ರಿನ್ಸಿಪಾಲರು ದೊಡ್ಡಪ್ಪನ ಕಡೆ ತಿರುಗಿದರು. ದೊಡ್ಡಪ್ಪ ಕೈ ಮುಗಿದು, "ನಂದೇನಿಲ್ಲ ಸ್ವಾಮಿ. ಕಣ ನಮ್ ತಮ್ಮಂದು," ಎಂದರು. ಅಪ್ಪ ಆ ಕಡೆ ತಿರುಗಿ ಸೀಟಿಯನ್ನು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ತುಂಬ ಹೊತ್ತು ಒರೆಸಿದರು.

ಆ ವರ್ಷದ ಪಂದ್ಯದಲ್ಲಿ ನಮ್ಮ ಹುಡುಗರು ಕೊನೆಯ ಆಟದಲ್ಲಿ ಸೋತರು. ಮಾರನೆಯ ವರ್ಷವೂ ಸೋತರು. ಮೂರನೆಯ ವರ್ಷ ಗೆದ್ದರು. ಅಲ್ಲಿಂದಾಚೆಗೆ ಅಪ್ಪನ ಹುಡುಗರು ರಾಜ್ಯಕ್ಕೆ ಆಡಿದರು, ರೈಲ್ವೆಗೆ ಹೋದರು, ಪೊಲೀಸಿಗೆ ಹೋದರು, ಅವರಲ್ಲಿ ಕೆಲವರು ತಾವೇ ಆಟದ ಮೇಷ್ಟ್ರಾದರು. ಮೂವತ್ತು ವರ್ಷಕ್ಕೂ ಮೇಲೆ ಅಪ್ಪ ಅದೇ ಕೆಲಸ ಮಾಡಿದರು. ಬದುಕಿರುವವರೆಗೆ ದೊಡ್ಡಪ್ಪ ಪ್ರತಿ ಬೇಸಿಗೆ ಎತ್ತು ಹೊಡೆದುಕೊಂಡು ಬಂದು ಕಣ ಹೊಸದು ಮಾಡಿಕೊಟ್ಟು ಹೋಗುತ್ತಿದ್ದರು.

ಈಗ ಅಲ್ಲಿ ಸಿಮೆಂಟಿನ ಅಂಗಳವಿದೆ, ಸುತ್ತ ದೀಪಗಳಿವೆ. ಹಿನಕಲ್ ಊರೇ ಮೈಸೂರಿನೊಳಗೆ ಸೇರಿಹೋಗಿ, ಹೊಗೆಯ ವಾಸನೆ ಹಿಡಿದು ದಾರಿ ಹುಡುಕುವ ಹಾಗಿಲ್ಲ. ಗೋಡುಮಣ್ಣಿಗೆ ಎಷ್ಟು ಗರಸು ಎಂದು ದೊಡ್ಡಪ್ಪನ ಮೊಮ್ಮಗನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲ. ನಾನೂ ಬರೆದಿಟ್ಟುಕೊಳ್ಳಲಿಲ್ಲ. ಇವೆಲ್ಲ ಹೋಗತಕ್ಕದ್ದೇ ಎಂದು ಒಪ್ಪಿಕೊಂಡಿದ್ದೇನೆ.

ಹೋಯಿತೆಂದು ಒಪ್ಪಿಕೊಳ್ಳಲಾಗದ್ದು ಒಂದಿದೆ. ದೊಡ್ಡಪ್ಪ ತೀರಿಕೊಂಡಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಯಾರು ಯಾರಿಗೆ ಸುದ್ದಿ ಮುಟ್ಟಿಸಿದರೋ, ಮಧ್ಯಾಹ್ನದ ಹೊತ್ತಿಗೆ ಹಿನಕಲ್ಲಿನ ಬೀದಿ ತುಂಬ ಅಪ್ಪನ ಹುಡುಗರು, ಹಳಬರು, ಹೊಸಬರು. ವರದ ಬೆಂಗಳೂರಿನಿಂದ ಬಂದಿದ್ದ. ಚಟ್ಟ ಎತ್ತಿದವರು ಅವರೇ. ಎಲ್ಲರೂ ಆರಡಿಯವರು. ಅಪ್ಪ ಹೆಗಲು ಕೊಡಲು ಹೋದರೆ ಚಟ್ಟ ಅವರ ಹೆಗಲಿಗಿಂತ ಎಷ್ಟೋ ಮೇಲಿತ್ತು. ಅಪ್ಪ ಕೈ ಚಾಚಿ ಬಿದಿರನ್ನು ಮುಟ್ಟಿಕೊಂಡು ನಡೆಯತೊಡಗಿದರು. ನಾಲ್ಕು ಹೆಜ್ಜೆ ಹೋದ ಮೇಲೆ ವರದ ಹಿಂದಿರುಗಿ ನೋಡಿ ಮಂಡಿ ಬಗ್ಗಿಸಿದ. ಅವನನ್ನು ನೋಡಿ ಉಳಿದವರೂ ಬಗ್ಗಿಸಿದರು. ಚಟ್ಟ ಇಳಿದು ಅಪ್ಪನ ಹೆಗಲಿಗೆ ಬಂತು. ಬೀದಿ ದಾಟಿ, ಕೆರೆ ಏರಿ ದಾಟಿ, ಹೊಲ ಮುಟ್ಟುವವರೆಗೆ ಅವರು ಹಾಗೇ ಬಗ್ಗಿ ನಡೆದರಂತೆ. ಬೀದಿಯ ಕೊನೆಯವರೆಗೆ ನಾನೇ ನೋಡಿದೆ.

ಇವತ್ತಿನ ಹುಡುಗರು ಅವರಿಗಿಂತ ಎತ್ತರಕ್ಕೆ ನೆಗೆಯುತ್ತಾರೆ. ಅಪ್ಪನೇ ಅದನ್ನು ಒಪ್ಪುತ್ತಿದ್ದರು. ಹಾಗೆ ಬಗ್ಗಿ ನಡೆಯುವವರನ್ನು ಮಾತ್ರ ನಾನು ಮತ್ತೆ ನೋಡಲಿಲ್ಲ.