ಚಪ್ಪಲಿ ಮೆಟ್ಟುವ ಮೊದಲು

ಆಪಾ ಅವರ ಬಲ ಅಂಗೈಯ ಅಂಚು ಸದಾ ಬೆಳ್ಳಗಿರುತ್ತಿತ್ತು. ಡಸ್ಟರ್ ಪಕ್ಕದಲ್ಲೇ ಇದ್ದರೂ ಬೋರ್ಡನ್ನು ಕೈಯಿಂದಲೇ ಒರೆಸುವವರು; ಅದೇ ಕೈಯಲ್ಲಿ ಕನ್ನಡಕ ಸರಿಮಾಡಿಕೊಂಡು ಮೂಗಿಗೂ ಸೀಮೆಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಶಿವಾಜಿನಗರದ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾವು ಹತ್ತು ಹನ್ನೆರಡು ಹುಡುಗಿಯರು, ಅವರನ್ನು ಅಕ್ಕ ಅನ್ನುವಂತೆ ಆಪಾ ಅನ್ನುತ್ತಾ, ಗಣಿತ ಕಲಿತೆವು.

ಆ ಮನೆಯಲ್ಲೊಂದು ಕಟ್ಟಳೆಯಿತ್ತು. ಹೊರಡುವಾಗ, ಚಪ್ಪಲಿ ಮೆಟ್ಟುವ ಮೊದಲು, ಅವತ್ತು ಅರ್ಥವಾಗದ್ದು ಒಂದನ್ನು ಹೇಳಬೇಕು. ಎಲ್ಲಾ ಗೊತ್ತಾಯಿತು ಅಂದವಳನ್ನು ವಾಪಸ್ ಚಾಪೆಗೆ ಕಳಿಸುತ್ತಿದ್ದರು. ನಾನೋ ಕಿಲಾಡಿ. ಬೇಗ ಬಿಡಲಿ ಎಂದು ಗೊತ್ತಿದ್ದದ್ದನ್ನೇ ಗೊತ್ತಿಲ್ಲ ಎನ್ನುತ್ತಿದ್ದೆ. ಆದರೂ ಅವರ ದೆಸೆಯಿಂದಲೇ ಕೆ.ಆರ್. ಪುರದ ಶಾಲೆಯೊಂದರಲ್ಲಿ ಗಣಿತದ ಟೀಚರಾದೆ.

ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಎಐ ಪಾಠದ ಟ್ಯಾಬ್‌ಗಳು ಬಂದವು. ಆ ಎಐ ಉತ್ತರ ಹೇಳಿಕೊಡುವುದಿಲ್ಲ. ನೀನೇ ವಿವರಿಸು ಅನ್ನುತ್ತದೆ, ಎಲ್ಲಿ ತಡವರಿಸುತ್ತೇವೋ ಅಲ್ಲೇ ಇನ್ನೊಂದು ಪ್ರಶ್ನೆ ಹಾಕುತ್ತದೆ. ಥೇಟ್ ನಿಮ್ಮ ಹಾಗೇ ಎಂದು ಹಲ್ಲು ಕಿರಿಯುತ್ತಾ ಒಂದು ಭಾನುವಾರ ಟ್ಯಾಬೊಂದನ್ನು ಆಪಾ ಕೈಗೆ ಕೊಟ್ಟೆ. ಈಗ ಪಾಠಕ್ಕೆ ಬರುತ್ತಿದ್ದ ಹುಡುಗಿಯರೆಲ್ಲ ಚಾಪೆಯ ಮೇಲೆ ಕೂತು ನೋಡುತ್ತಿದ್ದರು. ಅವರನ್ನು ಹೊರಗೆ ಕಳಿಸುವಷ್ಟು ಬುದ್ಧಿಯೂ ನನಗಿರಲಿಲ್ಲ.

ಮುಕ್ಕಾಲನ್ನು ಅರ್ಧದಿಂದ ಭಾಗಿಸುವಾಗ ಅರ್ಧವನ್ನು ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಎಂದು ಅದು ಕೇಳಿತು. ನಿಯಮ, ಎಂದು ಆಪಾ ಬರೆದರು. ಆ ನಿಯಮ ಯಾಕೆ ಎಂದಿತು. ಆಪಾ ಏನೋ ಬರೆದು ಅಳಿಸಿದರು. ಒಂದು ರೊಟ್ಟಿಯಲ್ಲಿ ಅರ್ಧಗಳು ಎರಡು, ಹಾಗಾದರೆ ಮುಕ್ಕಾಲು ರೊಟ್ಟಿಯಲ್ಲಿ ಎಷ್ಟು ಎಂದು ಅದು ಮೆಲ್ಲಗೆ ಶುರುಮಾಡಿತು. ಆ ನಿಯಮ ಯಾಕೆಂದು ಅವರಿಗೆ ಆಗ ತಿಳಿಯಿತು. ಟ್ಯಾಬನ್ನು ಮಗುಚಿಟ್ಟು ಒಳಗೆ ಹೋದರು.

ಮರುವಾರ ಹೋದರೆ ಬೋರ್ಡು ಗೋಡೆಯಿಂದ ಇಳಿದಿತ್ತು. ಯಾರಿಗೆ ತಾನೇ ಎಲ್ಲಾ ಗೊತ್ತಿರುತ್ತದೆ, ನನಗೂ ಗೊತ್ತಿರಲಿಲ್ಲ ಎಂದು ಗೋಗರೆದೆ.

"ಏನು ಅರ್ಥ ಆಗ್ಲಿಲ್ಲ ಅಂತ ಮೂವತ್ತು ವರ್ಷ ಮಕ್ಕಳನ್ನ ಕೇಳ್ದೆ, ಬೇಟಾ," ಎಂದರು. "ನನ್ನನ್ನ ನಾನು ಒಂದಿನಾನೂ ಕೇಳ್ಕೊಳ್ಲಿಲ್ಲ."

ಮತ್ತೆ ಸೀಮೆಸುಣ್ಣ ಹಿಡಿಯಲಿಲ್ಲ. ಹುಡುಗಿಯರು ಬಂದು ಕರೆದರೂ ಬಾಗಿಲು ತೆರೆಯಲಿಲ್ಲ. ಪಾಠ ಬಿಟ್ಟರೆ ಆ ಜೀವಕ್ಕೆ ಬೇರೇನೂ ಇರಲಿಲ್ಲ. ಕಿಟಕಿ ಪಕ್ಕ ಕೂತು ಕೂತೇ ಸೊರಗಿದರು. ಎಂಥ ಪಾಪ ಕಟ್ಟಿಕೊಂಡೆ ನಾನು.

ಈ ಸಲದ ರಂಜಾನಿಗೆ ಮುಂಚೆ ತೀರಿಕೊಂಡರು. ಮಣ್ಣಿಗೆ ಒಯ್ಯುವ ಮೊದಲು ಮುಖ ನೋಡಲು ಹೋದೆ. ಕೈಗಳು ಬಿಳಿ ಬಟ್ಟೆಯೊಳಗಿದ್ದವು.

ಹೊರಟವಳು ಅಭ್ಯಾಸಬಲದಿಂದ ಹೊಸ್ತಿಲ ಬಳಿ ನಿಂತೆ. ಆ ಟ್ಯಾಬನ್ನು ಅವರಿಗೆ ಉಪಯೋಗವಾಗಲಿ ಎಂದು ಕೊಟ್ಟೆನೋ, ನಾನೆಷ್ಟು ಮುಂದುವರಿದಿದ್ದೇನೆ ಎಂದು ತೋರಿಸಲು ಕೊಟ್ಟೆನೋ, ಅದು ನನಗೆ ಅರ್ಥವಾಗಿಲ್ಲ. ಮೊದಲ ಸಲ ಅವರಿಗೆ ನಿಜ ಹೇಳುವುದಿತ್ತು. ಹೇಳದೆಯೇ ಚಪ್ಪಲಿ ಮೆಟ್ಟಿದೆ.